ಒಂದೇ ಒಲೆಯ ಲೆಕ್ಕ

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಕುಳಿತು ಶಾಸ್ತ್ರವನ್ನು ಪಾಠ ಹೇಳಿಸಿಕೊಂಡವರಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಯಾವ ಪದ ಎದುರಾದರೂ, ಅದರ ಲಕ್ಷಣವೇನು ಎಂದು ಮೊದಲು ಕೇಳುವುದು. ಹೇಳಿದ ಲಕ್ಷಣದಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿಗಳೇನಾದರೂ ಇವೆಯೇ ಎಂದು ಆಮೇಲೆ ನೋಡುವುದು. ಅರವತ್ತು ದಾಟಿದ ಮೇಲೂ ಈ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಇದು ತರ್ಕಸಂಗ್ರಹದ ಹೊರಗೆ ಎಲ್ಲಿ ಪ್ರಯೋಜನಕ್ಕೆ ಬರುತ್ತದೆಂದು ನನ್ನ ಸಹಧರ್ಮಿಣಿ ಆಗಾಗ ಕೇಳುವುದುಂಟು. ಅಮೇರಿಕಾ ದೇಶದ ಒಂದು ಸಣ್ಣ ಊರಿನಲ್ಲಿ, ಗೃಹಸಾಲದ ಅರ್ಜಿಯೊಂದರ ಮುಂದೆ ಪ್ರಯೋಜನಕ್ಕೆ ಬಂದಿತು. ಆ ಸಂಗತಿಯನ್ನು ಓದುಗ ಬಂಧುಗಳ ಮುಂದೆ ಇಡಬೇಕೆನಿಸಿದೆ. ಮಕ್ಕಳು ಹೊರದೇಶದಲ್ಲಿರುವ ಮನೆಗಳು ನಮ್ಮಲ್ಲಿ ಈಗ ಬಹಳ. ಅವರು ಅಲ್ಲಿ ಮನೆ ಕೊಳ್ಳುವಾಗ ಇಲ್ಲಿರುವ ತಂದೆತಾಯಿಗಳಿಗೆ ದೂರವಾಣಿಯಲ್ಲಿ ಕೇಳಿಬರುವುದು ಬೆಲೆಯೊಂದೇ.

2024ರ ಬೇಸಿಗೆಯಲ್ಲಿ ನಾವಿಬ್ಬರೂ ಮಗಳ ಮನೆಗೆ ಹೋಗಿದ್ದೆವು. ಅವಳಿರುವುದು ಅಯೋವಾ ರಾಜ್ಯದ ಆಗ್ನೇಯ ಭಾಗದಲ್ಲಿರುವ ಜೆಫರ್ಸನ್ ಕೌಂಟಿಯ ಫೇರ್‌ಫೀಲ್ಡ್ ಎಂಬ ಊರಿನಲ್ಲಿ. ಕೌಂಟಿಯೆಂದರೆ ಆಡಳಿತದ ದೃಷ್ಟಿಯಿಂದ ನಮ್ಮ ಜಿಲ್ಲೆ, ಜನಸಂಖ್ಯೆಯ ದೃಷ್ಟಿಯಿಂದ ನಮ್ಮ ಒಂದು ಹೋಬಳಿ ಎನ್ನಬಹುದು. ಅಯೋವಾದಲ್ಲಿ ಇಂತಹ ಕೌಂಟಿಗಳು 99 ಇವೆ. 2020ರ ಜನಗಣತಿಯಂತೆ ಜೆಫರ್ಸನ್ ಕೌಂಟಿಯ ಒಟ್ಟು ಜನ 15,663. ಅದರಲ್ಲಿ 9,416 ಮಂದಿ ಫೇರ್‌ಫೀಲ್ಡ್ ಒಂದರಲ್ಲಿಯೇ ಇದ್ದಾರೆ. ಊರ ನಡುವೆ ಮರಗಳಿರುವ ಚೌಕ, ಸುತ್ತ ಹಳೆಯ ಇಟ್ಟಿಗೆಯ ಅಂಗಡಿಗಳು, ನ್ಯಾಯಾಲಯ, ಸರಕು ಹೊತ್ತು ಹಾದುಹೋಗುವ ರೈಲು. ಹತ್ತು ನಿಮಿಷ ವಾಹನದಲ್ಲಿ ಯಾವ ದಿಕ್ಕಿಗೆ ಹೋದರೂ ಮೆಕ್ಕೆಜೋಳ, ಇಲ್ಲವೇ ಸೋಯಾ ಅವರೆ. ಅಯೋವಾ ರಾಜ್ಯದ ಮೊಟ್ಟಮೊದಲ ಕೃಷಿಮೇಳ 1854ರಲ್ಲಿ ನಡೆದದ್ದು ಈ ಊರಿನಲ್ಲಿಯೇ.

ಭಾರತೀಯರಿಗೆ ಈ ಊರಿನ ಹೆಸರು ಪರಿಚಿತವಾಗಿರುವುದು ಬೇರೊಂದು ಕಾರಣಕ್ಕೆ. ಪಾರ್ಸನ್ಸ್ ಎಂಬ ಹಳೆಯ ಕಾಲೇಜು 1973ರಲ್ಲಿ ಮುಚ್ಚಿಹೋದ ಮೇಲೆ, ಅದರ ಆವರಣಕ್ಕೆ 1974ರಲ್ಲಿ ಮಹರ್ಷಿ ಮಹೇಶಯೋಗಿಯವರ ವಿಶ್ವವಿದ್ಯಾಲಯ ಬಂದು ನೆಲೆಸಿತು. ಜೋಳದ ಹೊಲಗಳ ನಡುವೆ ಧ್ಯಾನಕ್ಕೆಂದು ಕಟ್ಟಿದ ಬಂಗಾರದ ಬಣ್ಣದ ಎರಡು ಗುಮ್ಮಟಗಳನ್ನು ಕಂಡಾಗ ಯಾರಿಗಾದರೂ ಅಚ್ಚರಿಯಾದೀತು. ಆ ಸಾಧನಾಕ್ರಮದ ಚರ್ಚೆ ಇಲ್ಲಿ ಬೇಡ. ನನ್ನ ಅಳಿಯನ ತಮ್ಮ ಗಣಕ ವಿಜ್ಞಾನ ಓದಲು ಆ ವಿಶ್ವವಿದ್ಯಾಲಯಕ್ಕೆ ಬಂದನು, ಓದು ಮುಗಿಸಿ ಅದೇ ಊರಿನ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದನು, ಅಣ್ಣ ಅತ್ತಿಗೆಯರ ಮನೆಯಲ್ಲಿಯೇ ಇದ್ದಾನೆ ಎಂಬಷ್ಟು ಹೇಳಿದರೆ ಈ ಲೇಖನಕ್ಕೆ ಸಾಕು. ಅವನ ಓದಿನ ಶುಲ್ಕಕ್ಕೆ ಅಣ್ಣನ ಉಳಿತಾಯವೆಲ್ಲ ಕರಗಿತ್ತು. ಅದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಲಿಲ್ಲ.

ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಮೈದುನ. ಐವರು ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಊರಂಚಿನಲ್ಲಿ 1,60,000 ಡಾಲರಿಗೆ ಮನೆಯೊಂದು ಮಾರಾಟಕ್ಕಿತ್ತು. ಅಮೇರಿಕಾದ ಮಹಾನಗರಗಳ ಬೆಲೆ ಕೇಳಿದವರಿಗೆ ಇದು ಅಗ್ಗವೆನಿಸುತ್ತದೆ. ಆದರೆ ಸಾಮಾನ್ಯ ಸಾಲಕ್ಕೆ ಶೇಕಡಾ 20ರಷ್ಟು, ಎಂದರೆ 32,000 ಡಾಲರುಗಳನ್ನು ಕೈಯಿಂದ ಹಾಕುವುದು ಅಲ್ಲಿಯ ರೂಢಿ. ಅದಕ್ಕಿಂತ ಕಡಿಮೆ ಹಾಕಿದರೆ ಸಾಲದ ವಿಮೆಯ ಹೊರೆ ಬೀಳುತ್ತದೆ. ಇವರ ಕೈಯಲ್ಲಿದ್ದದ್ದು ಒಂಬತ್ತು ಸಾವಿರ. ಆಗ ಸ್ಥಳೀಯ ಬ್ಯಾಂಕಿನವರು ಸೂಚಿಸಿದ್ದು ಕೃಷಿ ಇಲಾಖೆಯ ಖಾತರಿಯಿರುವ ಗ್ರಾಮೀಣ ಗೃಹಸಾಲವನ್ನು. ಇದರಲ್ಲಿ ಮುಂಗಡವೆಂದು ಒಂದು ಡಾಲರನ್ನೂ ಕೇಳುವುದಿಲ್ಲ. ಮನೆಯ ಪೂರ್ಣ ಬೆಲೆಗೆ 30 ವರ್ಷಗಳ ಸ್ಥಿರಬಡ್ಡಿಯ ಸಾಲ ದೊರೆಯುತ್ತದೆ.

ಕೃಷಿ ಇಲಾಖೆಯೇ? ಮಗಳಾಗಲಿ ಅಳಿಯನಾಗಲಿ ನೇಗಿಲು ಮುಟ್ಟಿದವರಲ್ಲ. ಆ ಮನೆಗೆ ಹೊಲವೂ ಇಲ್ಲ. ಇನ್ನೂ ವಿಚಿತ್ರವೆಂದರೆ, ಮನೆಯ ಜೊತೆಗೆ ಆದಾಯ ತರುವ ಹೊಲವಿದ್ದರೆ ಈ ಸಾಲ ಸಿಕ್ಕುವುದೇ ಇಲ್ಲ! ಕೃಷಿ ಇಲಾಖೆ ಕೊಡುವ ಆಶ್ರಯವು ಕೃಷಿಭೂಮಿಗೆ ಸಲ್ಲದು ಎಂಬ ಈ ವಿರೋಧಾಭಾಸದ ಮೂಲವನ್ನು ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

1930ರ ದಶಕದ ಆರ್ಥಿಕ ಕುಸಿತದಲ್ಲಿ ಅಲ್ಲಿಯ ರೈತರು ಹೊಲಮನೆಗಳನ್ನು ಕಳೆದುಕೊಂಡು ಬೀದಿಗೆ ಬಿದ್ದಾಗ, ಅವರ ಪುನರ್ವಸತಿಗೆಂದು 1935ರಲ್ಲಿ ಒಂದು ಸಂಸ್ಥೆ, 1937ರಲ್ಲಿ ಅದರ ಜಾಗದಲ್ಲಿ ಇನ್ನೊಂದು ಹುಟ್ಟಿದವು. ಆಗ ಕೃಷಿ ಕಾರ್ಯದರ್ಶಿಯಾಗಿದ್ದ ಹೆನ್ರಿ ವ್ಯಾಲೇಸರು ಇದೇ ಅಯೋವಾ ನೆಲದವರು. 1946ರಲ್ಲಿ ರೈತರ ಗೃಹ ಆಡಳಿತವೆಂಬ ಸಂಸ್ಥೆ ಬಂದಿತು. 1949ರ ಜುಲೈ 15ರಂದು ಅಧ್ಯಕ್ಷ ಟ್ರೂಮನ್ನರು ಸಹಿ ಹಾಕಿದ ವಸತಿ ಕಾಯಿದೆಯ 502ನೆಯ ಪ್ರಕರಣದಲ್ಲಿ, ರೈತರು ಮನೆ ಕಟ್ಟಿಕೊಳ್ಳಲು ಸರಕಾರವೇ ಸಾಲ ಕೊಡುವ ಏರ್ಪಾಟಾಯಿತು. ಆದರೆ ಯಂತ್ರಗಳು ಬಂದಂತೆ ರೈತರ ಸಂಖ್ಯೆ ಇಳಿಯಿತು. ಹಳ್ಳಿಯಲ್ಲಿ ಉಳಿದವರು ಶಾಲೆಯ ಶಿಕ್ಷಕರು, ದಾದಿಯರು, ಅಂಗಡಿಯವರು, ಕಾರ್ಖಾನೆಯ ಕೆಲಸಗಾರರು. 1961ರಲ್ಲಿ ಕಾಯಿದೆಯನ್ನು ತಿದ್ದಿ, ಬೇಸಾಯ ಮಾಡದ ಹಳ್ಳಿಗರಿಗೂ ಬಾಗಿಲು ತೆರೆದರು. 1990ರ ಶಾಸನದಿಂದ, ಸರಕಾರ ತಾನೇ ಹಣ ಕೊಡದೆ ಬ್ಯಾಂಕಿನ ಸಾಲಕ್ಕೆ ಖಾತರಿ ನಿಲ್ಲುವ ಪದ್ಧತಿ ನೆಲೆಗೊಂಡಿತು. 1994ರಲ್ಲಿ ಹಳೆಯ ಸಂಸ್ಥೆ ಹೋಗಿ, ಕೃಷಿ ಇಲಾಖೆಯ ಗ್ರಾಮೀಣಾಭಿವೃದ್ಧಿ ವಿಭಾಗದೊಳಗೆ ಈ ಕೆಲಸ ಸೇರಿತು. ರೈತ ಹೋದರೂ ರೈತನ ಇಲಾಖೆ ಉಳಿಯಿತು ಎಂದು ನಾನು ಹೇಳಿದಾಗ ಅಳಿಯನಿಗೆ ನಗು ಬಂದಿತು.

ಇನ್ನು ಲಕ್ಷಣದ ಮಾತು. ಹಳ್ಳಿಯೆಂದರೆ ಯಾವುದು? ಅರ್ಜಿಯ ಮೊದಲ ಪ್ರಶ್ನೆಯೇ ಇದು. ಮಹಾನಗರಕ್ಕೆ ಅಂಟಿಕೊಳ್ಳದ ಬಯಲು ಪ್ರದೇಶ, ಅಥವಾ 2,500 ಜನರವರೆಗಿನ ಊರು ಹಳ್ಳಿ. 10,000ದವರೆಗಿನ ಊರು ಸ್ವಭಾವದಿಂದ ಗ್ರಾಮೀಣವಾಗಿದ್ದರೆ ಅದೂ ಹಳ್ಳಿ. ಮಹಾನಗರ ವಲಯದ ಹೊರಗಿದ್ದು, ಸಾಧಾರಣ ಆದಾಯದವರಿಗೆ ಗೃಹಸಾಲ ದೊರೆಯುವುದು ದುರ್ಲಭವಾಗಿದ್ದರೆ 20,000ದವರೆಗಿನ ಊರೂ ಹಳ್ಳಿ. ಹಿಂದೆ ಹಳ್ಳಿಯೆಂದು ಒಪ್ಪಿಗೆಯಾಗಿ ಆಮೇಲೆ ಬೆಳೆದ ಊರುಗಳಿಗೆ 35,000ದವರೆಗೂ ರಿಯಾಯಿತಿಯುಂಟು. ಇಲಾಖೆಯವರು ಇದನ್ನೆಲ್ಲ ನಕಾಶೆಯಲ್ಲಿ ಬಣ್ಣ ಬಳಿದು ತೋರಿಸಿದ್ದಾರೆ. ಮನೆಯ ವಿಳಾಸ ಕೊಟ್ಟರೆ ಸಲ್ಲುವುದೋ ಇಲ್ಲವೋ ಎಂದು ಗಣಕಯಂತ್ರವೇ ಹೇಳುತ್ತದೆ. ಒಂದು ಗಂಟೆಗೂ ತುಸು ಹೆಚ್ಚಿನ ಹಾದಿಯಲ್ಲಿರುವ ಅಯೋವಾ ಸಿಟಿ ಸಲ್ಲದು. ಫೇರ್‌ಫೀಲ್ಡ್ ಸಲ್ಲುತ್ತದೆ.

ಇಲ್ಲಿ ನನ್ನ ಹಳೆಯ ಅಭ್ಯಾಸ ಎಚ್ಚೆತ್ತಿತು. ವಿಶ್ವವಿದ್ಯಾಲಯವೂ ರಂಗಮಂದಿರವೂ ಹತ್ತಾರು ದೇಶಗಳ ಜನರೂ ಇರುವ ಊರು ಹಳ್ಳಿಯೆನಿಸಿಕೊಂಡಿತು, ಇದು ಅತಿವ್ಯಾಪ್ತಿ. ಮಹಾನಗರದ ಅಂಚಿಗೆ ಅಂಟಿಕೊಂಡ ಕಾರಣಕ್ಕೆ, ಚರಂಡಿಯಿಲ್ಲದ ಬಡವರ ಕೇರಿಯೊಂದು ಹಳ್ಳಿಯಲ್ಲವೆನಿಸಿಕೊಳ್ಳುತ್ತದೆ, ಇದು ಅವ್ಯಾಪ್ತಿ. ಎರಡೂ ದೋಷಗಳು ಒಂದೇ ಲಕ್ಷಣದಲ್ಲಿವೆ. ಆದರೂ ಶಾಸ್ತ್ರಕಾರನಿಗಿರುವ ಬಿಡುವು ಶಾಸನಕಾರನಿಗಿಲ್ಲ. ಅವನು ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು. ಫೇರ್‌ಫೀಲ್ಡಿನ ಜನಸಂಖ್ಯೆ ಹತ್ತು ಸಾವಿರಕ್ಕೆ 584 ಮಾತ್ರ ಕಡಿಮೆ.

ಊರಿನ ಲಕ್ಷಣದಲ್ಲಿ ಇವರು ಸುಲಭವಾಗಿ ಪಾರಾದರು. ತೊಡಕು ಬಂದದ್ದು ಎರಡನೆಯ ಲಕ್ಷಣದಲ್ಲಿ. ಮನೆವಾರ್ತೆ, ಎಂದರೆ ಕುಟುಂಬವೆಂದರೆ ಯಾರು?

ಖಾತರಿ ಸಾಲವು ಮಧ್ಯಮ ಆದಾಯದವರಿಗೆಂದು ಇರುವುದರಿಂದ, ಮನೆಯ ಆದಾಯ ಒಂದು ಮಿತಿಯನ್ನು ದಾಟಬಾರದು. ಆಯಾ ಪ್ರದೇಶದ ಮಧ್ಯಮಾಂಕ ಆದಾಯದ ಶೇಕಡಾ 115 ಎಂಬುದು ಇದರ ಸ್ಥೂಲ ಸೂತ್ರ. ಮಿತಿ ಪ್ರತಿವರ್ಷ ಬದಲಾಗುತ್ತದೆ. 2024ರಲ್ಲಿ ಇಂತಹ ಸಣ್ಣ ಕೌಂಟಿಗಳಿಗೆ ಅನ್ವಯಿಸುತ್ತಿದ್ದ ಮಿತಿ 1,12,450 ಡಾಲರ್. ಮಗಳು ಅಳಿಯರ ವಾರ್ಷಿಕ ಸಂಬಳ ಕೂಡಿ 1,02,000. ಇವರಿಬ್ಬರದೇ ಆದರೆ ತೊಂದರೆಯಿಲ್ಲ. ಆದರೆ ನಿಯಮ ಹೇಳುವುದು ಬೇರೆ: ಮುಂದಿನ ಹನ್ನೆರಡು ತಿಂಗಳು ಆ ಮನೆಯಲ್ಲಿ ವಾಸವಾಗಿರುವ ವಯಸ್ಕರೆಲ್ಲರ ಆದಾಯವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅವರು ಸಾಲಪತ್ರಕ್ಕೆ ಸಹಿ ಹಾಕಲಿ, ಬಿಡಲಿ. ಮೈದುನನ ಸಂಬಳ 48,000. ಕೂಡಿದರೆ ಒಂದೂವರೆ ಲಕ್ಷ.

ಒಮ್ಮೆ ಓದಿ ಮುಗಿಸಿದ ಮೇಲೆ ನಾನು ಮಗಳಿಂದ ಇನ್ನೊಮ್ಮೆ ಓದಿಸಿದೆನು. ಅಮೇರಿಕಾದವರು ವ್ಯಕ್ತಿಯನ್ನೇ ಎಣಿಸುವವರು, ಕುಟುಂಬವನ್ನಲ್ಲ ಎಂದು ನಾವು ಇಲ್ಲಿ ಕುಳಿತು ಎಷ್ಟೋ ಉಪನ್ಯಾಸಗಳಲ್ಲಿ ಕೇಳಿದ್ದೇವೆ. ಅವರ ಕಾನೂನಿನಲ್ಲಿ ಅಚ್ಚುಕಟ್ಟಾಗಿ ನಮ್ಮ ಅವಿಭಕ್ತ ಕುಟುಂಬದ ಕಲ್ಪನೆ ಕುಳಿತಿತ್ತು! ನಮ್ಮ ಪಡಿತರ ಚೀಟಿಗೆ ಮನೆಮನೆಗೆ ಬಂದ ಗುಮಾಸ್ತರು ಕೇಳುತ್ತಿದ್ದ ಪ್ರಶ್ನೆ ನೆನಪಾಯಿತು: ಒಲೆ ಒಂದೋ, ಎರಡೋ? ಅರ್ಹತೆಗೆ ಎಲ್ಲರ ಆದಾಯವನ್ನೂ ಎಣಿಸುವ ಅದೇ ಕಾನೂನು, ಸಾಲ ತೀರಿಸುವ ಶಕ್ತಿಯನ್ನು ಅಳೆಯುವಾಗ ಸಹಿ ಹಾಕಿದವರ ಆದಾಯವನ್ನು ಮಾತ್ರ ನೋಡುತ್ತದೆ. ಮನೆಯ ಕಂತು, ತೆರಿಗೆ, ವಿಮೆಗಳು ಆದಾಯದ ಶೇಕಡಾ 29ನ್ನು, ಎಲ್ಲ ಸಾಲಗಳೂ ಕೂಡಿ ಶೇಕಡಾ 41ನ್ನು ಸಾಮಾನ್ಯವಾಗಿ ಮೀರಬಾರದು ಎಂಬುದು ಆ ಅಳತೆ. ಅಂದರೆ ತಮ್ಮನ ಸಂಬಳ ಅಣ್ಣನ ಅರ್ಹತೆಗೆ ಅಡ್ಡ ಬರಬಹುದು, ಶಕ್ತಿಗೆ ಕೂಡಿಬರುವುದಿಲ್ಲ. ಸಹಿ ಹಾಕೋಣವೆಂದರೆ ಅವನಿಗೆ ಆ ಅಧಿಕಾರವೂ ಇಲ್ಲ. ಅರ್ಜಿದಾರರು ಪೌರರೋ ಕಾಯಂ ನಿವಾಸದ ಹಕ್ಕುಳ್ಳವರೋ ಆಗಿರಬೇಕು. ಮಗಳು ಅಳಿಯರಿಗೆ ಹಲವು ವರ್ಷ ಕಾದ ಮೇಲೆ ಆ ಹಕ್ಕು ಸಿಕ್ಕಿತ್ತು. ಅವನದು ಇನ್ನೂ ಉದ್ಯೋಗದ ವೀಸಾ.

ಇದೇ ಸಮಯಕ್ಕೆ ಪರಿಚಿತರೊಬ್ಬರು ಮನೆಗೆ ಬಂದರು. ನಮ್ಮ ಕಡೆಯವರೇ, ಒಳ್ಳೆಯ ಮನಸ್ಸಿನವರೇ. ಚಹ ಕುಡಿಯುತ್ತ ಅಳಿಯನಿಗೆ ಹೇಳಿದರು: “ಇಷ್ಟಕ್ಕೇಕೆ ಚಿಂತೆ? ತಮ್ಮನ ಹೆಸರನ್ನೇ ಬರೆಯಬೇಡಿ. ಅವನು ಬೇರೆ ಕಡೆ ಬಾಡಿಗೆಗಿದ್ದಾನೆಂದು ಹೇಳಿದರಾಯಿತು. ಯಾರು ಬಂದು ನೋಡುತ್ತಾರೆ?”

ಅಳಿಯ ಏನೂ ಹೇಳಲಿಲ್ಲ. ಒಳಕೋಣೆಯಲ್ಲಿದ್ದ ಹುಡುಗ ಈ ಮಾತನ್ನು ಕೇಳಿಸಿಕೊಂಡಿದ್ದನು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನ ಬಳಿ ಬಂದು ಕುಳಿತನು. “ಮಾವನವರೇ, ನೀವೊಂದು ಮಾತು ಅಣ್ಣನಿಗೆ ಹೇಳಬೇಕು. ಸುಳ್ಳು ಬರೆಯುವುದೇಕೆ? ನಿಜವಾಗಿಯೂ ನಾನು ಬೇರೆ ಕೋಣೆ ಹಿಡಿಯುತ್ತೇನೆ. ನನ್ನಿಂದ ಒಮ್ಮೆ ಇವರ ಉಳಿತಾಯ ಹೋಯಿತು, ಈಗ ಮನೆಯೂ ಹೋಗಬಾರದು,” ಎಂದನು. ಮರುದಿನ ಮಗಳಿಗೆ ತಿಳಿಸಿದಾಗ ಅವಳು ರೊಟ್ಟಿ ತಟ್ಟುವ ಕೈಯನ್ನು ನಿಲ್ಲಿಸಿ, “ಅಪ್ಪಾಜಿ, ಮನೆ ಬೇಕಾದರೆ ಬೇಡ. ಅವನನ್ನು ಹೊರಗೆ ಹಾಕಿ ಗೃಹಪ್ರವೇಶ ಮಾಡಲೇ?” ಎಂದಳು.

ಪರಿಚಿತರ ಸಲಹೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಮುಚ್ಚಿಡಲಾರೆ. ಒಕ್ಕೂಟ ಸರಕಾರದ ಖಾತರಿಯಿರುವ ಸಾಲದ ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಹೇಳುವುದು ಆ ದೇಶದಲ್ಲಿ ಕ್ರಿಮಿನಲ್ ಅಪರಾಧ. ಪೌರತ್ವವಿನ್ನೂ ಬಾರದ ಕುಟುಂಬವು ಅಂತಹ ಒಂದು ಸಾಲನ್ನು ಕಾಗದದ ಮೇಲೆ ಬರೆದರೆ, ಮನೆಯೊಂದೇ ಅಲ್ಲ, ನೆಲೆಯೂ ಹೋಗುವ ಭಯವುಂಟು. ಯಾರು ನೋಡುತ್ತಾರೆ ಎಂಬ ಮಾತನ್ನು ನಮ್ಮವರು ನಮ್ಮೂರಿನಿಂದ ಹೊತ್ತುಕೊಂಡು ಹೋಗಿ ಅಲ್ಲಿ ಬಿತ್ತುತ್ತಿರುವುದನ್ನು ಕಂಡು ಖೇದವೆನಿಸಿತು.

ಆದರೆ ಆ ಸಲಹೆ ಕೊಟ್ಟವರು ನಿಯಮವನ್ನು ಪೂರ್ತಿ ಓದಿರಲಿಲ್ಲ. ಮಗಳೂ ನಾನೂ ಆ ಕಾಗದಗಳನ್ನು ಹಿಡಿದು ಕುಳಿತೆವು. ಅವಳು ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯ ಓದಿ ಅರ್ಥ ಹೇಳುವುದು, ನಾನು ಪ್ರಶ್ನೆ ಕೇಳುವುದು. ಪಾಠಶಾಲೆಯ ಕ್ರಮವೇ, ಗುರುಶಿಷ್ಯರ ಸ್ಥಾನ ಮಾತ್ರ ಅದಲುಬದಲು. 1,12,450 ಎಂಬುದು ಒಬ್ಬರಿಂದ ನಾಲ್ವರವರೆಗಿನ ಮನೆಗೆ ಇರುವ ಮಿತಿ ಎಂದು ಅಲ್ಲಿ ಸ್ಪಷ್ಟವಾಗಿತ್ತು. ಐವರಿಂದ ಎಂಟು ಮಂದಿಯವರೆಗಿನ ಮನೆಗೆ ಮಿತಿ 1,48,450. ತಮ್ಮನ ಆದಾಯವನ್ನು ಎಣಿಸುವ ನಿಯಮ ತಮ್ಮನ ತಲೆಯನ್ನೂ ಎಣಿಸುತ್ತಿತ್ತು! ಅವನನ್ನು ಸೇರಿಸಿದೊಡನೆ ಇದು ಐವರ ಮನೆ. ಮಿತಿ 36,000 ಡಾಲರಿನಷ್ಟು ಮೇಲೇರಿತು.

ಆದರೂ 1,550 ಡಾಲರ್ ಹೆಚ್ಚಾಗಿಯೇ ಉಳಿಯಿತು. ಮುಂದೆ ಓದಿದೆವು. ಮಿತಿಗೆ ಹೋಲಿಸಬೇಕಾದದ್ದು ಬಂದ ಆದಾಯವನ್ನಲ್ಲ, ಕೆಲವು ಖರ್ಚುಗಳನ್ನು ಕಳೆದು ಉಳಿದ ಆದಾಯವನ್ನು. ಪ್ರತಿ ಮಗುವಿಗೆ ಇಷ್ಟೆಂದು ಸಣ್ಣ ಮೊತ್ತವೊಂದನ್ನು ಕಳೆಯುತ್ತಾರೆ. ದೊಡ್ಡದು ಇನ್ನೊಂದು: ತಂದೆತಾಯಿಗಳು ಕೆಲಸಕ್ಕೆ ಹೋಗುವಾಗ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳಲು ಕೊಡುವ ಹಣ. ಕಿರಿಯ ಮೊಮ್ಮಗಳನ್ನು ಹಗಲು ಬಿಡುವ ಶಿಶುವಿಹಾರಕ್ಕೆ ಇವರು ವರ್ಷಕ್ಕೆ 7,800 ಡಾಲರ್ ತೆರುತ್ತಿದ್ದರು, ಎಲ್ಲಕ್ಕೂ ರಸೀದಿ ಇತ್ತು. ಒಂದೂವರೆ ಲಕ್ಷದಲ್ಲಿ ಅಷ್ಟನ್ನು ಕಳೆದರೆ 1,42,200. ಮಿತಿಗಿಂತ ಆರು ಸಾವಿರಕ್ಕೂ ಹೆಚ್ಚು ಕೆಳಗೆ.

ಮಗಳು ಲೆಕ್ಕವನ್ನು ಮೂರು ಸಲ ಮಾಡಿದಳು. ನಮ್ಮಿಬ್ಬರನ್ನು ಎಣಿಸಬೇಕೇ ಎಂಬ ಸಂದೇಹ ನನ್ನ ಮನೆಯವರಿಗೆ ಬಂದಿತು, ನನಗೆ ಬರುವ ಅಲ್ಪ ಪಿಂಚಣಿಯ ಕಾರಣದಿಂದ. ಆರು ತಿಂಗಳಿಗೆಂದು ಬಂದು ಹೋಗುವ ಅತಿಥಿಗಳು ಮನೆವಾರ್ತೆಯವರಲ್ಲ ಎಂದು ತಿಳಿದಾಗ ಆಕೆಗೆ ಸಮಾಧಾನವೂ ಆಯಿತು, ಸ್ವಲ್ಪ ಬೇಸರವೂ ಆಯಿತು ಎಂದು ಕಾಣುತ್ತದೆ.

ಅರ್ಜಿಯಲ್ಲಿ ಐವರ ಹೆಸರನ್ನೂ ಬರೆದು, ಮೂವರ ಸಂಬಳದ ಚೀಟಿಗಳನ್ನೂ ಲಗತ್ತಿಸಿ ಕೊಟ್ಟರು. ಬ್ಯಾಂಕು ಪರಿಶೀಲಿಸಿ ಗ್ರಾಮೀಣಾಭಿವೃದ್ಧಿ ಕಚೇರಿಗೆ ಕಳುಹಿಸುತ್ತದೆ. ಅವರು ಷರತ್ತುಬದ್ಧ ಒಪ್ಪಿಗೆ ಪತ್ರ ಕೊಟ್ಟ ಮೇಲೆ ಸಾಲ ಮುಂದುವರಿಯುತ್ತದೆ. ಸರಕಾರ ಕೊಡುವುದು ಹಣವನ್ನಲ್ಲ. ಸಾಲಗಾರ ಕೈಯೆತ್ತಿದರೆ, ಮೂಲ ಸಾಲದ ಶೇಕಡಾ 90ರ ಮಿತಿಯೊಳಗೆ ಬ್ಯಾಂಕಿನ ನಷ್ಟವನ್ನು ತುಂಬಿಕೊಡುವ ಮಾತನ್ನು ಕೊಡುತ್ತದೆ. ಆ ಮಾತಿಗೂ ಬೆಲೆಯುಂಟು: ಆರಂಭದಲ್ಲಿ ಸಾಲದ ಶೇಕಡಾ 1, ಆಮೇಲೆ ವರ್ಷಕ್ಕೆ ಉಳಿದ ಸಾಲದ ಶೇಕಡಾ 0.35. ಇವರ ಸಾಲಕ್ಕೆ ಮೊದಲನೆಯದು 1,600 ಡಾಲರ್, ಅದನ್ನು ಸಾಲಕ್ಕೇ ಸೇರಿಸಬಹುದು. ಎರಡನೆಯದು ಮೊದಲ ವರ್ಷ 560ರ ಆಸುಪಾಸು. ಮುಂಗಡವಿಲ್ಲ ಎಂಬ ಮಾತನ್ನು ಕೇಳಿ ಪುಕ್ಕಟೆಯೆಂದು ತಿಳಿಯುವವರು ಇದನ್ನು ಗಮನಿಸಬೇಕು. ಮುಂಗಡ ಹಾಕದ ಮನೆಯಲ್ಲಿ ಮೊದಲ ಕೆಲವು ವರ್ಷ ನಮ್ಮ ಪಾಲೆಂಬುದು ಬಹಳ ತೆಳುವಾಗಿರುತ್ತದೆ. ಊರಿನ ಬೆಲೆ ಇಳಿದು ಬೇಗನೆ ಮಾರಬೇಕಾಗಿ ಬಂದರೆ ಕೈಯಿಂದಲೇ ತೆರಬೇಕಾದೀತು. ಶೇಕಡಾ 20 ಹಾಕಿ ಬೇರೆಡೆ ಸಾಲ ಪಡೆಯಬಲ್ಲವರಿಗೆ ಈ ಯೋಜನೆ ಸಲ್ಲುವುದೂ ಇಲ್ಲ, ಬೇಕಾಗಿಯೂ ಇಲ್ಲ.

ಮನೆಯನ್ನು ನೋಡಲು ಮೌಲ್ಯಮಾಪಕರು ಬಂದ ದಿನ ನಾನೂ ಜೊತೆಗಿದ್ದೆನು. ಆ ಊರಿನಲ್ಲಿ ಮಹರ್ಷಿಗಳ ಸ್ಥಾಪತ್ಯದಂತೆ ಪೂರ್ವಕ್ಕೆ ಬಾಗಿಲಿಟ್ಟು ಕಟ್ಟಿದ ಮನೆಗಳು ಅನೇಕವಿವೆ. ಇದರ ಬಾಗಿಲು ಮಾತ್ರ ಪಶ್ಚಿಮಕ್ಕೆ. ಬೆಲೆ ಇಷ್ಟಕ್ಕೆ ನಿಂತದ್ದು ಅದರಿಂದಲೇ ಇರಬಹುದೆಂದು ಅಳಿಯ ಪಿಸುಗುಟ್ಟಿದನು. ಮೌಲ್ಯಮಾಪಕರು ದಿಕ್ಕನ್ನು ಕೇಳಲಿಲ್ಲ. ಛಾವಣಿ ಸೋರುವುದೇ, ತಂತಿಗಳು ಸುರಕ್ಷಿತವೇ, ಚಳಿಗಾಲಕ್ಕೆ ಬಿಸಿಗಾಳಿಯ ಯಂತ್ರ ನಡೆಯುತ್ತದೆಯೇ, ಬಾವಿಯ ನೀರು ಕುಡಿಯಲು ಯೋಗ್ಯವೇ ಎಂದು ನೋಡಿದರು. ಬಾವಿಯ ನೀರಿನ ಪರೀಕ್ಷೆಗೆ ಬೇರೆ ವ್ಯವಸ್ಥೆಯಾಯಿತು. ಸಾಲ ಕೊಡುವ ಮುನ್ನ ನೀರನ್ನು ಪರೀಕ್ಷಿಸುವ ಈ ಪದ್ಧತಿ ನನಗೆ ಮೆಚ್ಚುಗೆಯಾಯಿತು.

ನೆರೆಮನೆಯ ವೃದ್ಧೆಯೊಬ್ಬರು ಇದೇ ಕಾಯಿದೆಯ 504ನೆಯ ಪ್ರಕರಣವನ್ನು ನನಗೆ ಪರಿಚಯಿಸಿದರು. ಅದು ಕೊಳ್ಳುವವರಿಗಲ್ಲ, ಇರುವ ಮನೆಯನ್ನು ರಿಪೇರಿ ಮಾಡಿಸಲಾಗದ ಅತಿ ಕಡಿಮೆ ಆದಾಯದವರಿಗೆ. ಶೇಕಡಾ 1ರ ಬಡ್ಡಿಯಲ್ಲಿ 20 ವರ್ಷಗಳ ಸಾಲ, 62 ತುಂಬಿದವರು ಸಾಲವನ್ನೂ ತೀರಿಸಲಾರದಿದ್ದರೆ ಅಪಾಯ ನಿವಾರಿಸುವ ಕೆಲಸಕ್ಕೆ 10,000 ಡಾಲರಿನವರೆಗೆ ಅನುದಾನ. ಆಕೆಯ ಮೆಟ್ಟಿಲು ಮತ್ತು ಛಾವಣಿ ಅದರಿಂದಲೇ ಆದವಂತೆ. ಇದಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು 523ನೆಯ ಪ್ರಕರಣ. ಅದರಂತೆ ಬಡ ಕುಟುಂಬಗಳು ಗುಂಪಾಗಿ, ಕಟ್ಟಡದ ದುಡಿಮೆಯ ಶೇಕಡಾ 65ರಷ್ಟನ್ನು ತಾವೇ ಮಾಡಿ, ಒಬ್ಬರ ಮನೆಗೆ ಇನ್ನೊಬ್ಬರು ಕೈಹಚ್ಚುತ್ತಾರೆ. ಗುಂಪಿನ ಎಲ್ಲ ಮನೆಗಳೂ ಮುಗಿಯುವವರೆಗೆ ಯಾರೂ ಒಳಗೆ ಹೋಗುವುದಿಲ್ಲ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೃಷಿಕಾರ್ಮಿಕರ ನಡುವೆ ಇದು ಬೇರೂರಿತು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎನ್ನುತ್ತಿದ್ದೆವಲ್ಲ, ಅದೇ ಇದು.

ನಮ್ಮಲ್ಲಿ 2016ರಿಂದ ನಡೆದುಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆ ಸಾಲವಲ್ಲ, ಅನುದಾನ. ಬಯಲುಸೀಮೆಯ ಮನೆಗೆ 1,20,000 ರೂಪಾಯಿ. ಎರಡನ್ನೂ ತೂಗಿ ನೋಡುವುದು ನ್ಯಾಯವಲ್ಲ. ಆದರೆ ನಮ್ಮ ಕಡೆ ಪಟ್ಟಿಯಲ್ಲಿ ಹೆಸರು ಬರಲೆಂದು, ಒಲೆ ಒಂದೇ ಇದ್ದರೂ ಕಾಗದದ ಮೇಲೆ ಅಣ್ಣತಮ್ಮಂದಿರು ಬೇರೆಯಾಗುವುದನ್ನು ನಾನು ಕಂಡಿದ್ದೇನೆ. ಕೆಲವು ಮನೆಗಳಲ್ಲಿ ಕಾಗದದ ಮೇಲಿನ ಆ ಗೋಡೆ ಎರಡು ಮೂರು ವರ್ಷಗಳಲ್ಲಿ ಅಂಗಳದಲ್ಲಿಯೂ ಎದ್ದು ನಿಂತಿತು.

ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪತ್ರ ಬಂದಿತು. ಹುಡುಗನಿಗೆ ಇನ್ನೊಂದು ಅಂಜಿಕೆ ಉಳಿದಿತ್ತು. ಮುಂದಿನ ವರ್ಷ ತನಗೆ ಸಂಬಳ ಏರಿದರೆ ಅಣ್ಣನ ಸಾಲ ರದ್ದಾಗುವುದೇ ಎಂದು ಬ್ಯಾಂಕಿನ ಹೆಣ್ಣುಮಗಳನ್ನು ಕೇಳಿಯೇಬಿಟ್ಟನು. ಸರಕಾರವೇ ನೇರವಾಗಿ ಕೊಡುವ ಸಾಲದಲ್ಲಿ ಕಂತಿನ ಸಹಾಯಧನ ಪಡೆಯುವವರ ಆದಾಯವನ್ನು ಮತ್ತೆ ಮತ್ತೆ ನೋಡುತ್ತಾರೆ. ಖಾತರಿ ಸಾಲದಲ್ಲಿ ಅದು ಅರ್ಜಿಯ ಕಾಲಕ್ಕೆ ಮಾತ್ರ, ಆಮೇಲೆ ಎಷ್ಟು ಏರಿದರೂ ಅಡ್ಡಿಯಿಲ್ಲ ಎಂದು ಆಕೆ ವಿವರಿಸಿದರು. ಹೊಸ ಮನೆಯಲ್ಲಿ ಮೂರು ಕೋಣೆಗಳು. ಬಡಗಣದ ಕೋಣೆಯನ್ನು ಮಗಳು ಅವನಿಗೆ ಕೊಟ್ಟಿದ್ದಾಳೆ. ನಾವು ಮತ್ತೆ ಹೋದಾಗ ಅವನು ಹಜಾರದಲ್ಲಿ ಮಲಗುವುದೆಂದು ಮೊಮ್ಮಗ ಈಗಲೇ ತೀರ್ಮಾನಿಸಿಟ್ಟಿದ್ದಾನೆ.